ಕೆಂಪು ದಾರದ ಗಂಟು

ಶೇಷಮ್ಮ ಹೊಲಿದ ಲಂಗವನ್ನು ತಿರುವುಮುರುವಾಗಿ ಉಟ್ಟುಕೊಂಡು ಮದುವೆಗೆ ಹೋಗಿ ಬಂದ ಹುಡುಗಿಯ ಕಥೆ ಭದ್ರಾವತಿಯ ಕಾಗದನಗರದ ಮಿಲ್ ಕ್ವಾರ್ಟರ್ಸ್ ಸಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹುಡುಗಿ ಪ್ರೇಮಮ್ಮ ಟೀಚರ ಮಗಳು. ಬೆಳಿಗ್ಗೆ ಧಾರೆಯಿಂದ ಹಿಡಿದು ಮಧ್ಯಾಹ್ನದ ಊಟದವರೆಗೆ ಒಳಬದಿಯನ್ನು ಹೊರಗೆ ಮಾಡಿಕೊಂಡೇ ಛತ್ರದ ತುಂಬ ಓಡಾಡಿದ್ದಳು. ಅಷ್ಟು ಜನರಲ್ಲಿ ಒಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಪ್ರೇಮಮ್ಮ ಇದನ್ನು ಹೇಳಿಕೊಂಡು ನಕ್ಕಾಗಲೆಲ್ಲ ಶೇಷಮ್ಮ ಮಾತ್ರ ನಗುತ್ತಿರಲಿಲ್ಲ. ಉಳಿದವರಿಗೆ ಅದು ತಮಾಷೆ, ಅವಳಿಗೆ ಅದು ಸರ್ಟಿಫಿಕೇಟು.

ಬಟ್ಟೆಯ ಹೊರಗನ್ನು ಯಾರು ಬೇಕಾದರೂ ಚಂದ ಮಾಡುತ್ತಾರೆ, ಹೊಲಿಯುವವಳ ಯೋಗ್ಯತೆ ಒಳಗೆ ಗೊತ್ತಾಗುತ್ತದೆ ಎಂದು ಅವಳು ನಂಬಿದ್ದಳು. ಮೂವತ್ತು ವರ್ಷ ಮಹಿಳಾ ಮಂಡಳಿಯ ಹೊಲಿಗೆ ಕ್ಲಾಸಿನಲ್ಲಿ ಕಲಿಯಲು ಬಂದವರಿಗೆಲ್ಲ ಇದನ್ನೇ ಹೇಳಿದಳು. ಹೇಳಿದಳು ಎನ್ನುವುದು ಮೆತ್ತಗಿನ ಮಾತು, ಅರೆದು ಕುಡಿಸಿದಳು. ಅರವತ್ತರ ಹತ್ತಿರ ಬಂದರೂ ಕಣ್ಣು ಚುರುಕು, ಬಾಯಿ ಅದಕ್ಕಿಂತ ಚುರುಕು.

ಎರಡು ಸಾವಿರದ ಒಂಬತ್ತರ ಆಗಸ್ಟಿನಲ್ಲಿ ಹಂದಿಜ್ವರದ ಸುದ್ದಿ ಬಂತು. ಮೊದಲು ಪೇಪರಿನಲ್ಲಿ ಬಂತು, ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಕರ್ಚೀಫು ಕಟ್ಟಿಕೊಂಡವರ ಮುಖದ ಮೇಲೆ ಬಂತು. ಔಷಧಿ ಅಂಗಡಿಗಳಲ್ಲಿ ಮಾಸ್ಕು ಎಂಬುದು ಹುಡುಕಿದರೂ ಸಿಗದ ಪದಾರ್ಥವಾಯಿತು. ಒಂದು ದಿನ ಮಂಡಳಿ ನಡೆಸುತ್ತಿದ್ದ ಪ್ರೇಮಮ್ಮ ಹೆಂಗಸರನ್ನು ಕೂಡಿಸಿ ವಿಷಯ ಹೇಳಿದರು. ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಾಕ್ಟರಿಗೂ ನರ್ಸುಗಳಿಗೂ ಆಗುವಷ್ಟು ಮಾಸ್ಕು ಬಂದಿದೆ, ಆಯಾಗಳಿಗೂ ಗುಡಿಸುವವರಿಗೂ ಬಟ್ಟೆ ಒಗೆಯುವವರಿಗೂ ಏನೂ ಇಲ್ಲ, ಅವರು ಸೆರಗು ಟವೆಲ್ಲು ಕಟ್ಟಿಕೊಂಡು ಜ್ವರದ ವಾರ್ಡಿಗೆ ಹೋಗಿ ಬರುತ್ತಿದ್ದಾರೆ.

"ನಮ್ಮ ಪುಟ್ಟಲಕ್ಷ್ಮಿ ಅಲ್ಲೇ ಆಯಾ ಆಗಿರೋದು," ಎಂದರು ಪ್ರೇಮಮ್ಮ. "ಅವಳೇ ಬಂದು ಕೇಳಿದ್ಲು. ನಾವು ಹೊಲಿದು ಕೊಡೋಣ. ಕುದಿಸಿ ಒಗೆದು ಮತ್ತೆ ಹಾಕ್ಕೊಳ್ಳೋ ಹಾಗಿರ್ಲಿ."

ಆ ಹೆಸರು ಕೇಳಿ ಶೇಷಮ್ಮ ಕತ್ತರಿಯ ಕಡೆ ನೋಡಿದಳು. ಹನ್ನೆರಡು ವರ್ಷದ ಹಿಂದೆ, ಗಂಡ ಸತ್ತ ಆರು ತಿಂಗಳಿಗೆ, ಪುಟ್ಟಲಕ್ಷ್ಮಿ ಅವಳ ಕ್ಲಾಸಿಗೆ ಸೇರಿದ್ದಳು. ಕೈ ಒರಟು, ಮನಸ್ಸು ಎಲ್ಲೋ. ಒಂದು ದಿನ ಅವಳು ಹೊಲಿದ ರವಿಕೆಯನ್ನು ಶೇಷಮ್ಮ ಒಳಗನ್ನು ಹೊರಗೆ ಮಾಡಿ ಗೋಡೆಯ ಮೊಳೆಗೆ ತಗುಲಿಸಿ, "ನೋಡಿ ಎಲ್ಲರೂ, ಇದು ಹೊಲಿಗೆ ಅಲ್ಲ, ಕಾಗೆ ಕಾಲು ಗುಬ್ಬಿ ಕಾಲು," ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಪುಟ್ಟಲಕ್ಷ್ಮಿಯೂ ನಕ್ಕಹಾಗೆ ಮಾಡಿದ್ದಳು. ಮಾರನೆಯ ದಿನದಿಂದ ಬರಲಿಲ್ಲ. ಭದ್ರಾವತಿಯ ಹಳೇನಗರದಿಂದ ಮೊದಲ ಬಸ್ಸು ಹಿಡಿದು ಶಿವಮೊಗ್ಗದ ಆಸ್ಪತ್ರೆಗೆ ಆಯಾ ಕೆಲಸಕ್ಕೆ ಹೋಗತೊಡಗಿದಳು. ದಾರಿಯಲ್ಲಿ ಸಿಕ್ಕರೆ "ಚೆನ್ನಾಗಿದೀರಾ ಅಮ್ಮಾ" ಎನ್ನುವಳು, ನಿಲ್ಲುತ್ತಿರಲಿಲ್ಲ.

ಮಂಡಳಿಯ ಹಾಲಿನಲ್ಲಿ ಐದು ಹೆಂಗಸರು ನಾಲ್ಕು ಮಿಷನ್ನಿಗೆ ಕೂತರು. ಬಿಳಿ ಲಾಂಗ್‌ಕ್ಲಾತಿನ ಥಾನು ಬಂತು. ಎರಡು ಪದರ, ಮೂರು ನೆರಿಗೆ, ಕಟ್ಟಲು ನಾಲ್ಕು ಲಾಡಿ. ಮೊದಲ ದಿನ ಹೆಂಗಸರು ಅಂಚನ್ನು ಒಂದು ಬದಿಗೆ ಮಡಿಸಿ ಮೇಲಿನಿಂದ ಹೊಲಿಗೆ ಓಡಿಸಿದರು. ಬೇಗ ಆಗುತ್ತಿತ್ತು. ಶೇಷಮ್ಮ ಒಂದನ್ನು ಎತ್ತಿ ನೋಡಿ ಹುಳಿ ತಿಂದ ಮುಖ ಮಾಡಿದಳು. ಅಷ್ಟನ್ನೂ ಬಿಚ್ಚಿಸಿದಳು. ಅಂಚುಗಳೆಲ್ಲ ಎರಡು ಪದರದ ನಡುವೆ ಅಡಗಿ ಕೂರುವ ಹಾಗೆ ಹೊಲಿಯುವುದನ್ನು ತೋರಿಸಿಕೊಟ್ಟಳು. ಲಾಡಿಯ ಬುಡವೂ ಕಾಣಬಾರದು.

"ಆಯಾಗಳು ಹಾಕ್ಕೊಳ್ಳೋದಕ್ಕೆ ಇಷ್ಟು ನಯ ಬೇಕಾ ಶೇಷಮ್ಮ?" ಎಂದಳು ಒಬ್ಬಳು.

"ಯಾಕೆ, ಆಯಾಗಳ ಮುಖ ಮುಖ ಅಲ್ವಾ?"

ಮಾತೇನೋ ಒಳ್ಳೆಯದೇ. ಆದರೆ ಅದು ಅವಳ ಬಾಯಿಂದ ಬಂದದ್ದು ಅರ್ಧ ಆಯಾಗಳ ಮೇಲಿನ ಮರ್ಯಾದೆಯಿಂದ, ಇನ್ನರ್ಧ ತನ್ನ ಕೈಯ ಮೇಲಿನ ಮೋಹದಿಂದ. ಆ ಅರ್ಧ ಅರ್ಧವನ್ನು ಬಿಡಿಸಿ ನೋಡುವ ಅಭ್ಯಾಸ ಅವಳಿಗೆ ಇರಲಿಲ್ಲ.

ಅವಳ ಗಂಡ ಸಿದ್ದಯ್ಯ ಮಿಲ್ಲಿನಲ್ಲಿ ಇಪ್ಪತ್ತೆಂಟು ವರ್ಷ ಕಾಗದ ನೋಡಿ, ಆರಿಸಿ, ಕಟ್ಟು ಕಟ್ಟಿಸಿ ರಿಟೈರಾದವನು. ಸಂಜೆ ಫ್ಲಾಸ್ಕಿನಲ್ಲಿ ಟೀ ತಂದವನು ಒಂದು ಮಾಸ್ಕನ್ನು ಎತ್ತಿ ಆಚೆ ಈಚೆ ತಿರುಗಿಸಿದ.

"ಇದ್ರಲ್ಲಿ ಬಾಯಿ ಕಡೆ ಯಾವುದೇ?"

"ಯಾವ ಕಡೆ ಹಾಕಿದ್ರೂ ಬಾಯಿ ಮೇಲೇ ತಾನೇ ರೀ ಬರೋದು."

"ಒಂದ್ಸಲ ಬಿಚ್ಚಿಟ್ಟು ಟೀ ಕುಡಿದು ಮತ್ತೆ ಕಟ್ಟುವಾಗ? ಹೊರಗಿನ ಕೊಳೆ ಬಾಯಿಗೆ ಬರಲ್ವಾ? ಕಾಗದಕ್ಕೇ ಎದುರು ಬೆನ್ನು ಇರುತ್ತೆ ಮಾರಾಯ್ತಿ. ಮಿಷನ್ನಿನ ಜಾಲರಿ ಮೇಲೆ ಕೂತಿದ್ದ ಬದಿ ಬೇರೆ, ಮೇಲಿನ ಬದಿ ಬೇರೆ. ಹೆಬ್ಬೆರಳಲ್ಲಿ ಸವರಿದ್ರೆ ಕಣ್ಣು ಮುಚ್ಕೊಂಡು ಹೇಳ್ತಿದ್ವಿ ನಾವು."

"ನಿಮ್ಮ ಕಾಗದದ ಪುರಾಣ ನಿಮ್ಮ ಹತ್ರಾನೇ ಇರ್ಲಿ. ಟೀ ಆರುತ್ತೆ, ಬಗ್ಗಿಸಿ."

ಹೆಂಗಸರು ನಕ್ಕರು. ಸಿದ್ದಯ್ಯನೂ ನಕ್ಕು ಟೀ ಬಗ್ಗಿಸಿದ. ಮದುವೆಯಾಗಿ ಮೂವತ್ತೈದು ವರ್ಷವಾದ ಮೇಲೆ ಯಾವ ಮಾತನ್ನು ಎಲ್ಲಿ ಬಿಡಬೇಕು ಎಂದು ಅವನಿಗೆ ಗೊತ್ತಿತ್ತು. ಆವತ್ತು ಬಿಡಬಾರದಿತ್ತು ಎಂದು ಅವನು ಆಮೇಲೆ ಎಷ್ಟೋ ಸಲ ಅಂದುಕೊಂಡ.

ಗೌರಿ ಹಬ್ಬದ ಹೊತ್ತಿಗೆ ಇನ್ನೂರು ಮಾಸ್ಕು ಶಿವಮೊಗ್ಗಕ್ಕೆ ಹೋದವು. ಪೇಪರಿನಲ್ಲಿ ಫೋಟೊ ಬಂತು. ಮಧ್ಯದಲ್ಲಿ ಶೇಷಮ್ಮ, ಕೈಯಲ್ಲಿ ಒಂದು ಮಾಸ್ಕು. ಪ್ರೇಮಮ್ಮ ಅದನ್ನು ಕತ್ತರಿಸಿ ಮಂಡಳಿಯ ಬೀರುವಿನ ಬಾಗಿಲಿಗೆ ಅಂಟಿಸಿದರು.

ಹಬ್ಬ ಕಳೆದ ಮುಂದಿನ ಭಾನುವಾರ ಪುಟ್ಟಲಕ್ಷ್ಮಿ ಶೇಷಮ್ಮನ ಮನೆಗೆ ಬಂದಳು. ಗೇಟಿನಿಂದ ಒಳಗೆ ಕಾಲಿಡಲಿಲ್ಲ. ಶೇಷಮ್ಮ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಪುಟ್ಟಲಕ್ಷ್ಮಿ ಒಂದು ಚೀಲವನ್ನು ಸಿದ್ದಯ್ಯನ ಕೈಗೆ ಕೊಟ್ಟು, "ಲಾಡಿ ಕಿತ್ತು ಬಂದಿವೆ ಅಂತ ಅಮ್ಮನಿಗೆ ಹೇಳಿ. ಕುದಿಸಿ ಒಣಗಿಸಿ ತಂದಿದೀನಿ. ನಾಳೆ ಬಸ್ಸಿಗೆ ಹೋಗುವಾಗ ಇಸ್ಕೊಂಡು ಹೋಗ್ತೀನಿ," ಎಂದು ಹೇಳಿ ಹೊರಟುಹೋದಳು.

ಚೀಲದಲ್ಲಿ ಹದಿನೆಂಟು ಮಾಸ್ಕುಗಳಿದ್ದವು. ಶೇಷಮ್ಮ ಮೊದಲನೆಯದನ್ನು ಬಿಡಿಸಿ ನೋಡಿದಳು. ಒಂದು ಬದಿಯ ಮೂಲೆಯಲ್ಲಿ ಕೆಂಪು ದಾರದಲ್ಲಿ ಕೈಹೊಲಿಗೆ. ಅಡ್ಡ ಒಂದು, ಉದ್ದ ಒಂದು, ಎರಡೂ ಸೊಟ್ಟ. ಕೊನೆಗೆ ಕಡಲೆಕಾಳಿನಷ್ಟು ದಪ್ಪದ ಗಂಟು. ಎರಡನೆಯದರಲ್ಲೂ ಹಾಗೇ. ಹದಿನೆಂಟರಲ್ಲೂ ಹಾಗೇ.

ಆ ಕೈ ಯಾರದು ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಹನ್ನೆರಡು ವರ್ಷವಾದರೂ ಹೊಲಿಗೆ ಒಂದಿಷ್ಟೂ ತಿದ್ದಿರಲಿಲ್ಲ. ಬಿಳಿ ಬಟ್ಟೆಗೆ ಕೆಂಪು ದಾರ, ನಾಲ್ಕು ಸಲ ಕುದಿಸಿದರೆ ಬಣ್ಣ ಬಿಟ್ಟು ರಕ್ತದ ಕಲೆಯ ಹಾಗೆ ಕಾಣುತ್ತದೆ. ಬೇಕೆಂದೇ ಮಾಡಿದ್ದಾಳೆ ಅನ್ನಿಸಿತು. ಮೊಳೆಗೆ ತಗುಲಿಸಿದ ರವಿಕೆಯ ಸೇಡು ಅನ್ನಿಸಿತು.

"ನೋಡಿ ರೀ ಇವಳ ಕೆಲ್ಸ. ನಾನು ಹೊಲಿದಿದ್ದನ್ನ ಹಾಳು ಮಾಡಿದಾಳೆ."

ಸಿದ್ದಯ್ಯ ಹೆಬ್ಬೆರಳಲ್ಲಿ ಗಂಟನ್ನು ಸವರಿದ. "ಏನೋ ಗುರುತಿಗೆ ಹಾಕಿರ್ಬೇಕು ಕಣೇ. ನಾಳೆ ಬಂದಾಗ ಕೇಳು."

"ಗುರುತು ಹಾಕೋದಕ್ಕೆ ಇದೇನು ದನಾನಾ?"

ಅವಳು ಬ್ಲೇಡು ತಗೊಂಡಳು. ಮಧ್ಯಾಹ್ನ ಪೂರ್ತಿ ಕಿಟಕಿಯ ಹತ್ತಿರ ಕೂತು ಹದಿನೆಂಟು ಮಾಸ್ಕುಗಳ ಕೆಂಪು ದಾರವನ್ನೂ ಎಳೆ ಎಳೆಯಾಗಿ ಬಿಚ್ಚಿದಳು. ಸೂಜಿ ಚುಚ್ಚಿದ ತೂತುಗಳನ್ನು ಉಗುರಿನಲ್ಲಿ ಉಜ್ಜಿ ಉಜ್ಜಿ ಮುಚ್ಚಿದಳು, ನೀರು ಚಿಮುಕಿಸಿ ಇಸ್ತ್ರಿ ಹಾಕಿದಳು, ಲಾಡಿಗಳನ್ನು ಬುಡ ಕಾಣದ ಹಾಗೆ ಹೊಲಿದಳು. ಮುಗಿದಾಗ ಒಳಗೆ ಯಾವುದು ಹೊರಗೆ ಯಾವುದು ಎಂದು ಅವಳಿಗೇ ಗೊತ್ತಾಗುವಂತಿರಲಿಲ್ಲ. ಅವಳಿಗೆ ಬಹಳ ಸಮಾಧಾನವಾಯಿತು. ಬೆಳಿಗ್ಗೆ ಪುಟ್ಟಲಕ್ಷ್ಮಿಯ ಮುಖ ನೋಡುವ ಮನಸ್ಸಿಲ್ಲದೆ ಚೀಲದ ಬಾಯಿ ಕಟ್ಟಿ ಗಂಡನ ಕೈಯಲ್ಲೇ ಕೊಡಿಸಿದಳು.

ಹನ್ನೆರಡು ದಿನವಾದ ಮೇಲೆ, ಶನಿವಾರ, ಪ್ರೇಮಮ್ಮ ಮಂಡಳಿಯಲ್ಲಿ ಸುದ್ದಿ ಹೇಳಿದರು. ಆ ಆಸ್ಪತ್ರೆಯಲ್ಲಿ ಗುಡಿಸುವ ಕೆಲಸದ ಹುಲಿಯಪ್ಪ ಎನ್ನುವವನು ಹಂದಿಜ್ವರದಿಂದ ತೀರಿಕೊಂಡನಂತೆ. ಐವತ್ತೈದು ವಯಸ್ಸಂತೆ, ಪಾಪ. ಜ್ವರದ ವಾರ್ಡಿನಲ್ಲೇ ಅವನ ಪಾಳಿ ಇತ್ತಂತೆ.

"ಮಾಸ್ಕು ಹಾಕ್ತಿರ್ಲಿಲ್ವಾ?" ಎಂದು ಕೇಳಿದಳು ಶೇಷಮ್ಮ.

"ಹಾಕ್ತಿದ್ನಂತೆ. ನಮ್ಮದೇ."

ಶೇಷಮ್ಮ ಮಿಷನ್ನು ತುಳಿಯುವುದನ್ನು ನಿಲ್ಲಿಸಿದಳು. ಅದುವರೆಗೆ ಅವಳ ಮನಸ್ಸಿನಲ್ಲಿ ಯಾವ ಅನುಮಾನವೂ ಇರಲಿಲ್ಲ, ಆದರೆ ಆ ಗಳಿಗೆಯಲ್ಲಿ ಕಡಲೆಕಾಳಿನಷ್ಟು ದಪ್ಪದ ಒಂದು ಗಂಟು ಬೆರಳಿಗೆ ಸಿಕ್ಕಹಾಗಾಯಿತು.

ಮಾರನೆಯ ದಿನ ಭಾನುವಾರ. ಪುಟ್ಟಲಕ್ಷ್ಮಿ ಬಂದಳು. ಈ ಸಲ ಗೇಟು ತೆಗೆದು ನೇರ ಒಳಗೇ ಬಂದು, ನಡುಮನೆಯಲ್ಲಿ ಮಿಷನ್ನಿನ ಪಕ್ಕ ನಿಂತಳು. ನಲವತ್ತು ದಾಟಿದ ಹೆಂಗಸು, ನಿದ್ದೆಗೆಟ್ಟ ಕಣ್ಣು. ಶೇಷಮ್ಮ ಕೂತ್ಕೋ ಎಂದಳು. ಅವಳು ಕೂರಲಿಲ್ಲ.

"ಹುಲಿಯಪ್ಪಣ್ಣ ಹೋದ್ರು, ಗೊತ್ತಾಯ್ತಾ ಅಮ್ಮ?"

"ಗೊತ್ತಾಯ್ತು."

"ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಾಸ್ಕು ಬಿಚ್ಚಿ ಟೀ ಕುಡಿದು ಮತ್ತೆ ಕಟ್ಕೊಳ್ಳುವಾಗ ಯಾವ ಬದಿ ಅಂತ ತಿಳೀತಿರ್ಲಿಲ್ಲ. ಅವರಿಗೆ ಅಂತ ಏನು, ಯಾರಿಗೂ ತಿಳೀತಿರ್ಲಿಲ್ಲ. ಜ್ವರದೋರು ಕೆಮ್ಮಿದ ಬದಿಯನ್ನೇ ಬಾಯಿಗೆ ಕಟ್ಕೊತಿದ್ವಿ. ಅದಕ್ಕೇ ಒಳಬದಿಗೆ ಕೆಂಪು ದಾರ ಹಾಕ್ದೆ. ಹುಲಿಯಪ್ಪಣ್ಣನಿಗೆ ಅಂತ ಗಂಟು ದಪ್ಪ ಮಾಡ್ದೆ. ಗಂಟು ಬಾಯಿ ಕಡೆ ಅಣ್ಣ, ಅಂತ ಹೇಳಿಕೊಟ್ಟೆ. ಹೆಬ್ಬೆರಳಲ್ಲಿ ಸವರಿ ಕಟ್ಕೊತಿದ್ರು."

ಜಗುಲಿಯಲ್ಲಿ ಪೇಪರು ಓದುತ್ತಿದ್ದ ಸಿದ್ದಯ್ಯ ಪೇಪರು ಮಡಿಸಿಟ್ಟ.

"ಸೋಮವಾರ ಚೀಲ ಬಿಚ್ಚಿ ಹಂಚಿದ ಮೇಲೆ ನೋಡ್ದೆ, ಒಂದ್ರಲ್ಲೂ ದಾರ ಇಲ್ಲ. ಮಂಗಳವಾರ ದಾರ ತಗೊಂಡು ಹೋಗಿ ಸಿಕ್ಕೋರಿಗೆಲ್ಲ ಮತ್ತೆ ಹಾಕ್ದೆ. ಹುಲಿಯಪ್ಪಣ್ಣ ಆ ಚೀಲದಲ್ಲಿದ್ದ ತಮ್ಮ ಮಾಸ್ಕು ತಗೊಂಡು ಆಗ್ಲೇ ಜ್ವರದ ವಾರ್ಡಿನ ಪಾಳಿಗೆ ಹೋಗಿದ್ರು. ಅಲ್ಲಿಗೆ ಹೋದೋರನ್ನ ನಾಲ್ಕು ದಿನ ಹೊರಗೆ ಬಿಡಲ್ಲ, ನಮ್ಮನ್ನ ಒಳಗೆ ಬಿಡಲ್ಲ."

"ನಾನು ಬಿಚ್ಚಿದ್ದು," ಎಂದಳು ಶೇಷಮ್ಮ.

"ಗೊತ್ತು ಅಮ್ಮ. ಸೂಜಿ ತೂತೂ ಕಾಣದ ಹಾಗೆ ಬಿಚ್ಚೋರು ಈ ಊರಲ್ಲಿ ಇನ್ಯಾರಿದಾರೆ?"

ಅವಳು ಅದನ್ನು ಚುಚ್ಚಿ ಹೇಳಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಮೂವತ್ತು ವರ್ಷದಲ್ಲಿ ಶೇಷಮ್ಮನ ಕೈಯನ್ನು ಎಷ್ಟೋ ಜನ ಹೊಗಳಿದ್ದರು, ಇಂಥ ಹೊಗಳಿಕೆ ಯಾರಿಂದಲೂ ಬಂದಿರಲಿಲ್ಲ. ಅವಳು ಮಿಷನ್ನಿನ ಮೇಲೆ ಎರಡು ಕೈ ಊರಿಕೊಂಡು ನಿಂತಳು.

"ನನಗೆ ಒಂದ್ಮಾತು ಯಾಕೆ ಹೇಳ್ಲಿಲ್ಲ ನೀನು?"

"ನನ್ನ ಹೊಲಿಗೆ ಬಗ್ಗೆ ನಿಮ್ಮ ಹತ್ರ ಮಾತಾಡೋ ಧೈರ್ಯ ನನಗಿರ್ಲಿಲ್ಲ. ಆವತ್ತು ಗೇಟಿನ ಹತ್ರ ನಿಂತು ಹೇಳ್ಬೇಕು ಅಂದ್ಕೊಂಡೆ. ಬಾಯಿ ಬರ್ಲಿಲ್ಲ." ಪುಟ್ಟಲಕ್ಷ್ಮಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅದು ನನ್ನ ತಪ್ಪು. ರಾತ್ರಿಯೆಲ್ಲ ಅದೇ ಅಂದ್ಕೊತೀನಿ. ಡಾಕ್ಟ್ರು ಹೇಳ್ತಾರೆ, ಯಾವ ಕಡೆಯಿಂದ ಅಂಟ್ತು ಅಂತ ಹೇಳೋಕಾಗಲ್ಲ, ಮನೇಲೂ ಅಂಟಿರಬಹುದು, ಬಸ್ಸಲ್ಲೂ ಅಂಟಿರಬಹುದು ಅಂತ."

ಡಾಕ್ಟರ ಆ ಮಾತು ಸುಳ್ಳಲ್ಲ. ಅದನ್ನು ಹಿಡಿದುಕೊಂಡು ಶೇಷಮ್ಮ ಉಳಿದ ಆಯುಷ್ಯವನ್ನು ಕಳೆಯಬಹುದಿತ್ತು, ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಅವಳಿಗೆ ಕಾಣುತ್ತಿದ್ದದ್ದು ಒಂದೇ. ಪೊರೆಗಣ್ಣಿನ ಒಬ್ಬ ಮನುಷ್ಯ ವಾರ್ಡಿನ ಮೂಲೆಯಲ್ಲಿ ನಿಂತು ಬಟ್ಟೆಯ ಮೂಲೆ ಮೂಲೆಯನ್ನು ಹೆಬ್ಬೆರಳಲ್ಲಿ ಸವರುತ್ತಿದ್ದಾನೆ. ಗಂಟು ಸಿಗುತ್ತಿಲ್ಲ. ಕೊನೆಗೆ ಹಾಗೇ ಕಟ್ಟಿಕೊಳ್ಳುತ್ತಾನೆ.

ಅವಳು ಅತ್ತಳು. ಸಿದ್ದಯ್ಯ ಜಗುಲಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತ.

ಬಹಳ ಹೊತ್ತಾದ ಮೇಲೆ ಶೇಷಮ್ಮ ಮುಖ ಒರೆಸಿಕೊಂಡು ಬೀರುವಿನಿಂದ ಕೆಂಪು ದಾರದ ಉಂಡೆ ತಂದಳು. "ಇವತ್ತು ಕೂತ್ಕೋ ಪುಟ್ಟಲಕ್ಷ್ಮಿ. ಆ ಗಂಟು ಹೇಗೆ ಹಾಕಿದೆ, ತೋರ್ಸು."

ಪುಟ್ಟಲಕ್ಷ್ಮಿ ಕೂತಳು. ದಾರವನ್ನು ಎರಡೆಳೆ ಮಾಡಿ, ಒರಟಾಗಿ ಚುಚ್ಚಿ ತೆಗೆದು, ನಾಲ್ಕು ಸುತ್ತು ಸುತ್ತಿ ಎಳೆದಳು. ಶೇಷಮ್ಮ ನೋಡಿ ತಾನೂ ಹಾಕಿದಳು. ಕೈ ಹಾಳಾದದ್ದು ಹೇಳಿದ ಮಾತು ಕೇಳಲಿಲ್ಲ. ಹೊಲಿಗೆ ನೆಟ್ಟಗೆ ಬಂತು, ಗಂಟು ಸಾಸಿವೆಯಷ್ಟಾಯಿತು. ಪುಟ್ಟಲಕ್ಷ್ಮಿ ಹೆಬ್ಬೆರಳಲ್ಲಿ ಸವರಿ ನೋಡಿ ತಲೆ ಅಲ್ಲಾಡಿಸಿದಳು.

"ಚಂದ ಇದೆ ಅಮ್ಮ. ಬೆರಳಿಗೆ ಸಿಗಲ್ಲ. ಬಿಚ್ಚಿ, ಮತ್ತೆ ಹಾಕಿ."

ಶೇಷಮ್ಮ ಬಿಚ್ಚಿ ಮತ್ತೆ ಹಾಕಿದಳು. ಮೂರನೆಯ ಸಲವೂ ಸರಿ ಹೋಗಲಿಲ್ಲ. ಕೊನೆಗೆ ಅವಳು ಕಣ್ಣು ಮುಚ್ಚಿಕೊಂಡು, ಹೆಬ್ಬೆರಳಿಗೆ ಒತ್ತುವವರೆಗೆ ದಾರ ಸುತ್ತಿದಳು. ಕಣ್ಣು ತೆರೆದಾಗ ಬಿಳಿ ಬಟ್ಟೆಯ ಮೂಲೆಯಲ್ಲಿ ಸೊಟ್ಟಗಿನ, ದಪ್ಪಗಿನ ಒಂದು ಗಂಟು ಕೂತಿತ್ತು. ಮೊಳೆಗೆ ತಗುಲಿಸಿ ನಗಿಸಬಹುದಾದಂಥ ಹೊಲಿಗೆ.

"ಇದು ಸರಿ," ಎಂದಳು ಪುಟ್ಟಲಕ್ಷ್ಮಿ.

ಆ ವಾರ ಮಂಡಳಿಯಲ್ಲಿ ಉಳಿದಿದ್ದ ಮಾಸ್ಕುಗಳಿಗೆಲ್ಲ ಅವರಿಬ್ಬರೇ ಗಂಟು ಹಾಕಿದರು. ಆ ಭಾನುವಾರ ಹೋಗುವ ಮುಂಚೆ ಪುಟ್ಟಲಕ್ಷ್ಮಿ ಇನ್ನೊಂದು ವಿಷಯ ಹೇಳಿದ್ದಳು. ಹುಲಿಯಪ್ಪನ ಕೆಲಸ ಅವನ ಹೆಂಡತಿ ಕೆಂಚಮ್ಮನಿಗೆ ಆಗಿದೆ, ಹನ್ನೊಂದರ ಕಾರ್ಯ ಮುಗಿಸಿ ಅವಳು ಡ್ಯೂಟಿಗೆ ಬರುತ್ತಾಳೆ. ಅದೇ ವಾರ್ಡು.

ಶೇಷಮ್ಮ ಆ ದಿನಕ್ಕಾಗಿ ಕಾದಳು. ಕೆಂಚಮ್ಮನಿಗೆ ಎಂದು ಮೂರು ಮಾಸ್ಕು ಹೊಲಿದು, ಗಂಟು ಹಾಕಿ, ಕುದಿಸಿ ಒಣಗಿಸಿ, ಬೆಳಿಗ್ಗೆ ಪುಟ್ಟಲಕ್ಷ್ಮಿಯ ಜೊತೆ ಮೊದಲ ಬಸ್ಸು ಹತ್ತಿದಳು. ಶಿವಮೊಗ್ಗದಲ್ಲಿ ಇಳಿಯುವಾಗ ಪುಟ್ಟಲಕ್ಷ್ಮಿ, "ಹೇಳಲೇಬೇಕು ಅಂತ ಏನಿಲ್ಲ ಅಮ್ಮ. ನಾನಂತೂ ಯಾರಿಗೂ ಹೇಳಿಲ್ಲ," ಎಂದಳು.

"ಗೊತ್ತು," ಎಂದಳು ಶೇಷಮ್ಮ. ಅದೇ ಅವಳನ್ನು ಹೆಚ್ಚು ಸುಡುತ್ತಿತ್ತು.

ಆಸ್ಪತ್ರೆಯ ಹಿಂಭಾಗದಲ್ಲಿ, ನೆಲ ಒರೆಸುವ ಬಟ್ಟೆಗಳನ್ನು ಒಣಹಾಕಿದ ಗೋಡೆಯ ಹತ್ತಿರ, ಕೆಂಚಮ್ಮ ನಿಂತಿದ್ದಳು. ಸಣ್ಣ ಜೀವ, ಖಾಲಿ ಹಣೆ. ಗಂಡನ ಪೊರಕೆಯೋ ಏನೋ, ಹಿಡಿ ಸವೆದದ್ದು, ಕೈಯಲ್ಲಿತ್ತು. ಪುಟ್ಟಲಕ್ಷ್ಮಿ "ಮಾಸ್ಕು ಹೊಲಿಯೋ ಅಮ್ಮ" ಎಂದು ಪರಿಚಯ ಹೇಳಿ ಪಕ್ಕಕ್ಕೆ ಸರಿದಳು.

ಶೇಷಮ್ಮ ಮಾಸ್ಕನ್ನು ಕೆಂಚಮ್ಮನ ಕೈಗೆ ಕೊಟ್ಟು, ಅವಳ ಹೆಬ್ಬೆರಳನ್ನು ಹಿಡಿದು ಗಂಟಿನ ಮೇಲೆ ಇಟ್ಟಳು.

"ಇದು ಬಾಯಿ ಕಡೆ ಬರ್ಬೇಕು. ನಿಮ್ಮ ಯಜಮಾನರ ಮಾಸ್ಕಲ್ಲೂ ಇಂಥ ಗಂಟಿತ್ತು. ಪುಟ್ಟಲಕ್ಷ್ಮಿ ಹಾಕಿಕೊಟ್ಟಿದ್ಲು. ನಾನು ಅದನ್ನ ಬಿಚ್ಚಿಬಿಟ್ಟೆ. ಬಿಚ್ಚಿದ ಮೇಲೆ ಅವರಿಗೆ ಕಾಯಿಲೆ ಬಂತು."

ಕೆಂಚಮ್ಮ ಮಾಸ್ಕನ್ನು ನೋಡಿದಳು, ಶೇಷಮ್ಮನ ಮುಖವನ್ನು ನೋಡಿದಳು.

"ಮನೆಗೆ ಬಂದು ಹೇಳಿದ್ರು ಅವರು. ಗಂಟು ಹಾಕವ್ಳೆ ಕಣೇ ಪುಟ್ಟಲಕ್ಷ್ಮಿ, ಈಗ ಹೆದರ್ಕೆ ಇಲ್ಲ ಅಂತ." ಅವಳು ಪೊರಕೆಯನ್ನು ಇನ್ನೊಂದು ಕೈಗೆ ಬದಲಿಸಿದಳು. "ಯಾಕೆ ಬಿಚ್ಚಿದ್ರಿ?"

ಸಿದ್ದಯ್ಯನಿಗಾಗಲಿ ಪ್ರೇಮಮ್ಮನಿಗಾಗಲಿ ಹೇಳಲು ಶೇಷಮ್ಮನ ಹತ್ತಿರ ನೂರು ಕಾರಣಗಳಿದ್ದವು. ಬಣ್ಣ ಬಿಡುತ್ತದೆ, ಗುರುತಿಗೆ ಎಂದು ಯಾರೂ ಹೇಳಲಿಲ್ಲ, ಗೊತ್ತಿರಲಿಲ್ಲ. ಇಲ್ಲಿ, ಒದ್ದೆ ಬಟ್ಟೆಗಳ ಫಿನಾಯಿಲ್ ವಾಸನೆಯ ನಡುವೆ, ಒಂದೇ ಉಳಿಯಿತು.

"ಚಂದ ಕಾಣ್ಲಿಲ್ಲ ಅಂತ."

ಕೆಂಚಮ್ಮ ಬಯ್ದಿದ್ದರೆ ಶೇಷಮ್ಮ ಬೈಸಿಕೊಳ್ಳುತ್ತಿದ್ದಳು, ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದಳು. ಒಳಗಿನಿಂದ ಯಾರೋ ಕೆಂಚಮ್ಮನ ಹೆಸರು ಹಿಡಿದು ಕೂಗಿದರು, ಪಾಳಿ ಶುರುವಾಗಿತ್ತು. ಅವಳು ಪೊರಕೆಯನ್ನು ಗೋಡೆಗೆ ಆನಿಸಿ, ಹೆಬ್ಬೆರಳಲ್ಲಿ ಗಂಟನ್ನು ಸವರಿ, ಆ ಬದಿಯನ್ನು ಬಾಯಿಗೆ ಹಿಡಿದುಕೊಂಡಳು. ಆಮೇಲೆ ಶೇಷಮ್ಮನಿಗೆ ಬೆನ್ನು ಮಾಡಿ ನಿಂತಳು.

"ಹಿಂದೆ ಕಟ್ಟೋಕೆ ನನಗೆ ಬರಲ್ಲ. ಕಟ್ಟಿ."

ಶೇಷಮ್ಮ ಮೇಲಿನ ಲಾಡಿ ಕಟ್ಟಿದಳು, ಕೆಳಗಿನ ಲಾಡಿ ಕಟ್ಟಿದಳು. ಎರಡೂ ಸೊಟ್ಟವಾದವು. ಅವಳು ಅವನ್ನು ತಿದ್ದಲು ಹೋಗಲಿಲ್ಲ.

ಕೆಂಚಮ್ಮ ಪೊರಕೆ ತಗೊಂಡು ನಾಲ್ಕು ಹೆಜ್ಜೆ ಹೋದವಳು ತಿರುಗಿದಳು. ಮುಖದಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು.

"ಇದನ್ನ ಬಿಚ್ಚಬೇಡಿ ಅಮ್ಮ," ಎಂದು ಹೇಳಿ ವಾರ್ಡಿನೊಳಗೆ ಹೋದಳು.